ಸುಣ್ಣ ಬಳಿದ ಬಿರುಕಿನ ಕುರಿತು, ಭೂಕಂಪ ತಪಾಸಣೆಯ ಅಧಿಕಾರಿಗಳಿಗೆ

ಭೂಕಂಪದಿಂದ ಯಾವ ಕಟ್ಟಡಕ್ಕೆ ಎಷ್ಟು ಅಪಾಯವೆಂದು ಅಳೆಯಲು ನೇಮಕಗೊಂಡ ಮಾನ್ಯರೇ,

ತಾವು ‘ಮೊದಲ ದರ್ಜೆ, ಭದ್ರ’ ಎಂದು ಬರೆದುಕೊಂಡು ಹೋದ ಖಾನಾಪುರದ ನಮ್ಮ ಹೆಣ್ಣುಮಕ್ಕಳ ಶಾಲೆಯ ಮೂಡಣ ಗೋಡೆಯಲ್ಲಿ ನನ್ನ ತೋರುಬೆರಳು ಪೂರ್ತಿ ಒಳಗೆ ಹೋಗುವಂಥ ಬಿರುಕು ಇದೆ. ಅದರ ಬುಡದಲ್ಲಿ ಮೂರನೆಯ ಇಯತ್ತೆಯ ಇಪ್ಪತ್ತಾರು ಹುಡುಗಿಯರ ಜಾಗ. ತಪಾಸಣೆಯಲ್ಲಿ ಅದು ತಮಗೆ ಕಾಣಲಿಲ್ಲ. ಕಾಣದಂತೆ ನಾವೇ ಮಾಡಿದ್ದೆವು. ತಪ್ಪಿನಲ್ಲಿ ಅರ್ಧ ನಮ್ಮದು. ಉಳಿದರ್ಧವನ್ನು ತಾವು ಸ್ವೀಕರಿಸಬೇಕೆಂದು ಈ ಪತ್ರ.

ಮಾಘದಲ್ಲಿ ಭೂಮಿ ಒಂದಿಷ್ಟು ನಡುಗಿದ್ದು ತಮಗೆ ಗೊತ್ತು. ನಡುಗದಿದ್ದರೆ ತಮ್ಮ ಹುದ್ದೆಯೇ ಇರುತ್ತಿರಲಿಲ್ಲ. ಮರುದಿನ ಗೌಂಡಿ ಗುರುಸಿದ್ದ ಬಂದು ಬಿರುಕಿಗೆ ಅಡ್ಡಲಾಗಿ ಮೂರು ಕಡೆ ಗಾರೆಯ ಪಟ್ಟಿ ಮೆತ್ತಿ, ಮೊಳೆಯಿಂದ ತಾರೀಖು ಗೀಚಿದ. “ಪಟ್ಟಿ ಸೀಳಿದ್ರ ಗ್ವಾಡಿ ಇನ್ನೂ ಜರುಗಾಕತ್ತೈತಿ ಅಂತ ತಿಳೀರಿ, ಮಾಸ್ತರ,” ಅಂದ. ಎಂಟು ದಿನದಲ್ಲಿ ಮೂರೂ ಸೀಳಿದವು. ಗಾರೆಗೆ ಇಂಗ್ಲಿಷು ಬಾರದು. ಆದರೂ ಅದು ಕೊಟ್ಟ ವರದಿ ಸ್ಪಷ್ಟವಾಗಿತ್ತು.

ಅಷ್ಟರಲ್ಲಿ ತಾವು ಬರುವಿರೆಂದು, ಹದಿನೈದು ದಿನ ಮುಂಚಿತವಾಗಿ ಪತ್ರ ಬಂತು. ನಮ್ಮ ಕಡೆ ಸಾಹೇಬರು ಬರುತ್ತಾರೆಂದರೆ ಮೊದಲು ಸುಣ್ಣ ತರಿಸುತ್ತಾರೆ. ಯಾಕೆ ಬರುತ್ತಾರೆಂಬುದನ್ನು ಆಮೇಲೆ ಓದುತ್ತಾರೆ. ಹೆಡ್ ಮಾಸ್ತರರು ಅದೇ ಗುರುಸಿದ್ದನನ್ನು ಕರೆದು ಬಿರುಕು ಮುಚ್ಚಲು ಹೇಳಿದರು.

“ರಾಯರ, ಡಾಕ್ಟರ ಬರತಾನಂತ ರೋಗಿಗೆ ಪೌಡರ ಹಚ್ಚತಾರೇನ್ರಿ?”

“ಸುಮ್ನ ಹಚ್ಚಪಾ. ಒಳಗ ಕಾಲಿಟ್ಟ ಕೂಡ್ಲೆ ಸಾಹೇಬರಿಗೆ ಬಿರುಕ ಕಂಡ್ರ ಸಾಲಿ ಮರ್ಯಾದಿ ಏನ ಉಳೀತು?”

ಮೂರು ಪಟ್ಟಿಗಳೂ ಹೋದವು. ಬಿರುಕಿಗೆ ಕೆಸರು, ಕೆಸರಿನ ಮೇಲೆ ಸುಣ್ಣ, ಸುಣ್ಣದ ಮೇಲೆ ಮುಂಬಯಿ ಪ್ರಾಂತ್ಯದ ನಕಾಶೆ. ನಕಾಶೆಗಾಗಿ ಅದೇ ಗೋಡೆಗೆ ಎರಡು ಮೊಳೆಗಳನ್ನೂ ಹೊಡೆದೆವು.

ತಾವು ಬಂದಿರಿ. ಬೆತ್ತದಿಂದ ಗೋಡೆಯನ್ನು ಮೂರು ಸಲ ತಟ್ಟಿ ಕಿವಿಗೊಟ್ಟಿರಿ. ಅವಲಕ್ಕಿ ತಿಂದಿರಿ. ನಕಾಶೆ ಓರೆಯಾಗದೆ ತೂಗಿದೆಯೆಂದು ಮೆಚ್ಚಿದಿರಿ. ಹೊರಡುವಾಗ ನನ್ನ ಕಡೆ ತಿರುಗಿ, ಹೇಳುವುದೇನಾದರೂ ಇದೆಯೇ ಎಂದು ಕೇಳಿದಿರಿ. ನಾನು ಸಾಹಿತ್ಯ ಓದಿ ಬಿ.ಎ. ಆಗಿ, ಬೇರೆ ಕೆಲಸ ಸಿಗುವವರೆಗೆ ಇಲ್ಲಿ ಕಲಿಸುತ್ತಿರುವವನು. ಬಿರುಕು ನನ್ನ ಬೆನ್ನಿಗೆ ಒಂದು ಮೊಳ ದೂರದಲ್ಲಿತ್ತು. ಓದಿದ ಮಾತೆಲ್ಲ ಗುಂಪುಗೂಡಿ, “ತಮ್ಮ ದರ್ಶನದಿಂದ ಧನ್ಯರಾದೆವು” ಎಂದು ಹೊರಬಿದ್ದವು.

ಆಮೇಲೆ ತಮ್ಮ ಯಾದಿ ಪ್ರಕಟವಾಯಿತು. ಶಾಲೆ ಮೊದಲ ದರ್ಜೆ. ಬಿಡಾಡಿ ದನ ಕೂಡಿಹಾಕುವ ನಮ್ಮೂರ ಕೊಂಡವಾಡ ಮೂರನೆಯ ದರ್ಜೆ, ‘ಅತ್ಯಂತ ಅಪಾಯ’. ಆ ಕೊಂಡವಾಡದ ಗೋಡೆ ಎರಡು ಮೊಳ ದಪ್ಪ, ಒಳ್ಳೆಯ ಕಟೆದ ಕಲ್ಲು. ಮಾಘದ ನಡುಕಕ್ಕೆ ಅಲ್ಲಿಯ ಎಮ್ಮೆಗಳು ಮೆಲುಕು ಹಾಕುವುದನ್ನೂ ನಿಲ್ಲಿಸಲಿಲ್ಲ. ಹೊರಗಿನ ಗಿಲಾವು ಉದುರಿದೆ, ಅಷ್ಟೇ ಅದರ ಅಪರಾಧ. ಎಮ್ಮೆಗಳಿಗೆ ತಮ್ಮ ಪತ್ರ ತಲುಪಿರಲಿಲ್ಲವಾಗಿ ಅವು ಸುಣ್ಣ ಹಚ್ಚಿಸಿರಲಿಲ್ಲ. ಬೆಳಗಾವಿಯಲ್ಲಿಯೂ ತಮ್ಮ ವಿಧಾನ ಇದೇ. ಅಲ್ಲಿಯ ವಡಗಾವಿಯ ನೇಕಾರರ ಓಣಿಗೆ ಮಗ್ಗ ನಡೆಯುವ ಹೊತ್ತಿಗೆ ಹೋಗಿ, ಮನೆಯಲ್ಲಿ ಪಾತ್ರೆ ಅಲುಗಿದವೇ ಎಂದು ಕೇಳಿದಿರಂತೆ. ನೇಕಾರರು ಖರೇ ಹೇಳಿದರು: “ಹೌದ್ರಿ, ದಿನಾ ಅಲಗತಾವ್ರಿ.” ಈಗ ತಮ್ಮ ಯಾದಿಯ ಪ್ರಕಾರ ವಡಗಾವಿಯಲ್ಲಿ ರವಿವಾರ ಬಿಟ್ಟು ಪ್ರತಿದಿನ ಭೂಕಂಪ.

ಅಪಾಯದಿಂದ ಪಾರುಮಾಡಲು ಎಮ್ಮೆಗಳನ್ನು ಕೊಂಡವಾಡದಿಂದ ಹೊರಡಿಸಿ, ಮೊದಲ ದರ್ಜೆಯ ಜಾಗವೆಂದು ನಮ್ಮ ಶಾಲೆಯ ಅಂಗಳದಲ್ಲಿ ತಂದು ಕಟ್ಟಿದರು. ಮೂರನೆಯ ಇಯತ್ತೆಗೆ ಕಲಿಸುವ ಚಂದ್ರಭಾಗಾಬಾಯಿಯವರು ಕಿಟಕಿಯಿಂದ ನೋಡಿ, “ಎಮ್ಮಿಗೂ ಜೀವ ಐತಿ ಅಂತ ಸರಕಾರಕ್ಕ ತಿಳೀತು. ಇನ್ನ ನಾವಷ್ಟ ಉಳದೇವಿ ನೋಡ್ರಿ,” ಅಂದರು.

ತಾವು ಹೋದ ಹನ್ನೊಂದನೆಯ ದಿನ ಸುಣ್ಣ ಬಾಯಿಬಿಟ್ಟಿತು, ನಕಾಶೆಯ ಒಂದು ಮೊಳೆ ಕಳಚಿತು. ಆವತ್ತೇ ಚಂದ್ರಭಾಗಾಬಾಯಿಯವರು ಹುಡುಗಿಯರನ್ನು ಹಲಸಿನ ಮರದ ಕೆಳಗೆ, ಎಮ್ಮೆಗಳ ಬಾಜುಕ್ಕೆ ಕೂಡಿಸಿದರು. ನಾನು ರೈಲು ಹತ್ತಿ ಬೆಳಗಾವಿಗೆ, ಕೋಟೆಯ ಹತ್ತಿರದ ತಮ್ಮ ಕಚೇರಿಗೆ ಬಂದೆ. ಕಾರಕೂನರು ಮೇಜಿನ ಮೇಲೆ ನೀರು ತುಂಬಿದ ಗ್ಲಾಸು ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ನೀರು ಅಲುಗಿದರೆ ಹೊರಗೆ ಓಡುವ ವ್ಯವಸ್ಥೆಯಂತೆ.

“ಕುಂದರ್ರಿ. ನೀವು ಬಿರುಕ ಐತಿ ಅಂದ್ರ ಆಗೂದಿಲ್ರಿ, ತಪಾಸಣಿಯೊಳಗ ಕಂಡಿರಬೇಕು.”

“ಗೋಡೆ ಬಿದ್ದರೆ?”

“ಬೀಳ್ಲಿ, ಆಮ್ಯಾಲ ಬರ್ರಿ. ಬಿದ್ದ ಗ್ವಾಡಿಗೆ ಬ್ಯಾರೆ ಫಾರಮ್ ಐತಿ.”

ಅಷ್ಟರಲ್ಲಿ ದಂಡಿನ ಕ್ಯಾಂಪಿನ ಕಡೆಯ ಒಂದು ಲಾರಿ ಹಾದುಹೋಗಿ ನೀರು ಅಲುಗಿತು. ಕಾರಕೂನರು ನನಗಿಂತ ಮೊದಲು ಅಂಗಳದಲ್ಲಿದ್ದರು. ಮಾನ್ಯರೇ, ಅವರನ್ನು ನೋಡಿ ನಾನು ನಗುವುದಿಲ್ಲ. ಅವರಿಗೆ ಓಡಲು ಬಾಗಿಲು ಹತ್ತಿರವಿದೆ. ನಮ್ಮ ಹುಡುಗಿಯರು ಆ ಗೋಡೆಯ ಪಕ್ಕದಿಂದಲೇ ಹಾದು ಬಾಗಿಲು ಸೇರಬೇಕು.

ಮುಂಗಾರಿನ ಮಿರಗದ ಮಳೆಗೆ ಇನ್ನು ಆರು ವಾರ. ಖಾನಾಪುರದ ಮಳೆ ಹಲಸಿನ ಮರದ ಕೆಳಗೆ ಯಾರನ್ನೂ ಕೂಡಗೊಡುವುದಿಲ್ಲ. ಇಪ್ಪತ್ತಾರೂ ಹುಡುಗಿಯರು ಮತ್ತೆ ಆ ಗೋಡೆಯ ಬುಡಕ್ಕೇ ಹೋಗಬೇಕು. ಆದ್ದರಿಂದ ನಮ್ಮ ಶಾಲೆಯ ಮೊದಲ ದರ್ಜೆಯನ್ನು ಕಿತ್ತುಕೊಳ್ಳಿ. ಗೋಡೆ ಕೆಡವಿ ಕಟ್ಟುವವರೆಗೆ ತಾವು ಅಪಾಯವೆಂದು ಬರೆದ ಕೊಂಡವಾಡವನ್ನು ಹುಡುಗಿಯರಿಗೆ ಕೊಡಿಸಿ. ಮೂರನೆಯ ದರ್ಜೆ ನಮಗೆ ಸಾಕು. ನಂಬಿಕೆ ಬಾರದಿದ್ದರೆ ಇನ್ನೊಮ್ಮೆ ಬಂದು ನೋಡಿ. ಆದರೆ ದಯವಿಟ್ಟು, ಬರುವ ದಿನವನ್ನು ಯಾರಿಗೂ ತಿಳಿಸಬೇಡಿ. ತಿಳಿಸಿದರೆ ಸುಣ್ಣ ಹಚ್ಚದೆ ನಾವು ತಡೆದುಕೊಳ್ಳಲಾರೆವು.

ಇಂತಿ,
ಆ ಗೋಡೆಗೆ ಸುಣ್ಣ ಬಳಿಯುವಾಗ
ಕೆಳಗೆ ಏಣಿ ಹಿಡಿದು ನಿಂತಿದ್ದ
ಖಾನಾಪುರದ ಒಬ್ಬ ಪದವೀಧರ