ಕತ್ತರಿಯ ಹಿಡಿಗೆ ಸುತ್ತಿದ ಬಟ್ಟೆ

ಅಕ್ಕಾ,

ಎರಡು ವರ್ಷದ ಮೇಲೆ ನನ್ನ ಕಾಗದ ಕಂಡು ಹುಬ್ಬೇರಿಸಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅದಕ್ಕೇ ಅಕ್ಷರ ಸೊಟ್ಟಗಿವೆ. ಬಲಗೈ ಮಣಿಕಟ್ಟಿನ ಕೀಲು ಸವೆದು, ಕಳೆದ ವಾರ ಆಪರೇಷನ್ ಆಯಿತು. ಕೈಯನ್ನು ಉದ್ದಕ್ಕೂ ಸೀಳುತ್ತಾರೆಂದು ಹೆದರಿದ್ದೆ. ಮಾಡಿದ್ದು ಎರಡೇ ತೂತು, ಅಂಗಿಯ ಕಾಜಾಕ್ಕಿಂತ ಚಿಕ್ಕವು. ಅದರೊಳಗೆ ಪುಟ್ಟ ಕ್ಯಾಮೆರಾ ತೂರಿಸಿ ಕೀಲನ್ನು ಸ್ವಚ್ಛ ಮಾಡಿದರು. ಸಂಜೆಗೇ ಮನೆಗೆ ಬಂದೆ.

"ಇಷ್ಟು ದಿನ ಹೇಗಮ್ಮಾ ತಡ್ಕೊಂಡ್ರಿ?" ಎಂದು ಡಾಕ್ಟರು ಕೇಳಿದರು. "ಕತ್ತರಿ ಹಿಡಿಗೆ ಬಟ್ಟೆ ಸುತ್ಕೊಂಡು" ಎಂದವಳಿಗೆ ನೀನು ನೆನಪಾದೆ.

ನಮ್ಮ ಹೊಲಿಗೆ ಅಂಗಡಿಯಲ್ಲಿ ನೀನೂ ಹಾಗೇ ಸುತ್ತಿಕೊಳ್ಳುತ್ತಿದ್ದೆ. ನೀನು ಕತ್ತರಿಸಿದ ಕಾಲರು ಓರೆಯಾದ ದಿನ, "ಕೆಲಸದ ಮೇಲೆ ಗಮನ ಇಲ್ಲ, ಈ ಗಲೀಜು ಚಿಂದಿ ಬೇರೆ" ಎಂದು ನಾನು ಗಿರಾಕಿಗಳೆದುರೇ ಅದನ್ನು ಕಿತ್ತೆಸೆದೆ. ನೀನು ಕತ್ತರಿಯನ್ನು ಗೋಡೆಯ ಮೊಳೆಗೆ ತೂಗುಹಾಕಿ ಮೆಟ್ಟಿಲಿಳಿದು ಹೋದೆ. ಕೈ ನೋಯುತ್ತಿದೆ ಎಂದು ಒಂದು ಮಾತು ಹೇಳಬಾರದಿತ್ತೇ? ನೋಡು, ಈಗಲೂ ನಿನ್ನ ಮೇಲೇ ರೇಗುತ್ತಿದ್ದೇನೆ.

ಸೋಮವಾರ ಹತ್ತು ಗಂಟೆಗೆ ಅದೇ ಡಾಕ್ಟರ ಬಳಿ ನಿನ್ನ ಹೆಸರು ಬರೆಸಿದ್ದೇನೆ, ಬಾ. ನಿನ್ನ ಕತ್ತರಿ ಅದೇ ಮೊಳೆಯಲ್ಲಿದೆ. ಹಿಡಿಗೆ ಹೊಸ ಬಟ್ಟೆ ಸುತ್ತಿಟ್ಟಿದ್ದೇನೆ. ಎಡಗೈ ಕೆಲಸ, ಓರೆಯಾಗಿದೆ. ಗಿರಾಕಿಗಳು ತುಂಬಿರುವಾಗ ಬಂದು ಬೈ.

ನಿನ್ನ ಸಿಡುಕಿ
ತಂಗಿ