ಕಾಲು ಒತ್ತದ ಸೊಸೆ

ತೊಂಗ್ಯಂಗ್,
ನವೆಂಬರ್ ೯

ಪ್ರೀತಿಯ ಮಗ ಗ್ಯುಹೊ,

ಹಡಗಿನಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ? ಇಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಬೊಕ್ಕೆ ಎದ್ದಿದ್ದವಲ್ಲ, ಮಾಯ್ದವೇ? ಫೋನಿನಲ್ಲಾದರೆ ನೀನು ಅರ್ಧ ಕೇಳಿ ಗಾಬರಿಯಾಗುತ್ತೀ, ಅಷ್ಟರಲ್ಲಿ ಲೈನು ಹೋಗಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಈಗ ನಾನು ಚೆನ್ನಾಗಿದ್ದೇನೆ.

ಸೊಂಟದ ಕೀಲು ಬದಲಾಯಿಸಿದ ಮೇಲೆ ಹಳೆಯ ನೋವು ಹೋಗಿತ್ತು. ಚಿಪ್ಪಿನಿಂದ ಸಿಂಪಿಯ ಮಾಂಸ ಬಿಡಿಸುವ ಶೆಡ್ಡಿನ ತನಕ ಕೋಲೂರಿಕೊಂಡು ಹೋಗಿ ಗೆಳತಿಯರ ಹರಟೆ ಕೇಳಿ ಬರುತ್ತಿದ್ದೆ. ಹೋದ ತಿಂಗಳು ಅದೇ ಕಾಲಿನ ಮೀನಖಂಡದಲ್ಲಿ ಹೊಸದೊಂದು ನೋವು ಶುರುವಾಯಿತು. ಹಾಕಿದ ಕೀಲೇ ಸಡಿಲವಾಯಿತೇನೋ, ಮತ್ತೆ ಕೊಯ್ಯುತ್ತಾರೇನೋ ಎಂದು ಹೆದರಿ ಬಾಯಿ ಬಿಡಲಿಲ್ಲ. ಮಲಗಿದರೂ ನೋವು ಇಳಿಯದಾಗ ನಿನ್ನ ಹೆಂಡತಿ ಉನ್‌ಬಿಯನ್ನು ಕರೆದು, ಎಣ್ಣೆ ಹಚ್ಚಿ ಸ್ವಲ್ಪ ಕಾಲು ಒತ್ತಮ್ಮ ಎಂದೆ. ಅವಳು ಕಾಲುಚೀಲ ಕಳಚಿ, ಎರಡೂ ಕಾಲು ಜೋಡಿಸಿ ನೋಡಿ, ಅಂಗೈ ಇಟ್ಟು, ಎಣ್ಣೆ ಬಾಟಲಿಯ ಮುಚ್ಚಳ ಹಾಕಿಬಿಟ್ಟಳು.

"ಒತ್ತಲ್ಲ, ಅತ್ತೆ."

"ಕಾಲು ಮುಟ್ಟೋಕೆ ಅಸಹ್ಯ ಆದ್ರೆ ನೇರವಾಗಿ ಹೇಳು."

"ಅಸಹ್ಯ ಆಗಿದ್ರೆ ಇಷ್ಟು ದಿನ ನಿಮ್ಮನ್ನ ಬಚ್ಚಲಿಗೆ ಯಾರು ಕರ್ಕೊಂಡು ಹೋಗ್ತಿದ್ರು? ಈ ಕಾಲೊಂದೇ ಊದಿದೆ, ಸುಡ್ತಿದೆ. ಹಿಂಗಾದ್ರೆ ಉಜ್ಜಬಾರದು, ಕೂಡ್ಲೇ ಬನ್ನಿ ಅಂತ ಆಪರೇಷನ್ ಆದಾಗ ಆಸ್ಪತ್ರೇಲಿ ಹೇಳಿದ್ರು. ಆಗ ನೀವು ಪಕ್ಕದ ಹಾಸಿಗೆಯೋರ ಸೊಸೇನ ಬೈತಾ ಇದ್ರಿ."

ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಗೊಣಗಿದೆ. ಅವಳು ನನ್ನ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಸ್ಕ್ಯಾನ್ ಮಾಡಿದರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕಾಲು ಒತ್ತಿ ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿದ್ದರೆ ಪ್ರಾಣಕ್ಕೇ ಕುತ್ತಾಗುತ್ತಿತ್ತು ಎಂದರು ಡಾಕ್ಟರು. ಕೀಲು ಗಟ್ಟಿಯಾಗಿಯೇ ಇದೆಯಂತೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಟ್ಟಿದ್ದಾರೆ. ಊತ ಇಳಿದಿದೆ, ನೋವೂ ಹೋಗಿದೆ.

ಮನೆಗೆ ಬಂದ ಮೇಲೆ, "ನಿನ್ನಿಂದ ಉಳಿದೆ ಕಣಮ್ಮ" ಅಂದೆ. ಸಿಂಪಿ ಗಂಜಿ ಕಲಕುತ್ತಿದ್ದವಳು, "ಮೊದ್ಲು ಮಾತ್ರೆ ನುಂಗಿ, ಆಮೇಲೆ ಹೊಗಳಿ" ಅಂದಳು. ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡದ್ದು ನನಗೆ ಕಾಣಲಿಲ್ಲ ಎಂದುಕೊಂಡಿದ್ದಾಳೆ. ಇಂಥವಳನ್ನು ಮನೆಗೆ ತಂದದ್ದಕ್ಕೆ ನಿನ್ನನ್ನೂ ನೆನೆದೆ, ಮಗನೇ.

ಸಮುದ್ರ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ.

ನಿನ್ನ ಅಮ್ಮ,
ಮಾಲ್‌ಸುನ್

ತಾ.ಕ.: ಪೂಸಾನ್‌ನ ಬೇಕರಿಯೊಂದರಲ್ಲಿ ಉನ್‌ಬಿಗೆ ಸಿಕ್ಕಿದ್ದ ಕೆಲಸವನ್ನು ಅವಳು ನನ್ನ ಆಪರೇಷನ್ನಿಗಾಗಿ ಬಿಟ್ಟಿದ್ದಳಂತೆ. ಈಗ ಅವರು ಮತ್ತೆ ಕರೆದಿದ್ದಾರೆ. ಅಮ್ಮನನ್ನು ಬಿಟ್ಟು ಹೋಗಬೇಡ ಎಂದು ನೀನು ಹೇಳಿದೆಯಂತೆ. ಹೋಗು ಎಂದು ನಾನು ಹೇಳಿದ್ದೇನೆ, ಅವಳ ಬಟ್ಟೆಯನ್ನೂ ಮಡಿಸಿಟ್ಟಿದ್ದೇನೆ. ಪಕ್ಕದ ಮನೆಯ ಒಕ್‌ಬುನ್ ಬೆಳಿಗ್ಗೆ ಸಂಜೆ ಬಂದು ನನ್ನ ಕಾಲು ನೋಡಿ ಹೋಗುತ್ತಾಳೆ. ಅಮ್ಮನ ಹೆಸರು ಹೇಳಿ ನೀನು ಉನ್‌ಬಿಯನ್ನು ತಡೆಯಬೇಡ.