ಎಲ್ಲಿಯೂ ಕೂರದ ಏರೋಪ್ಲೇನ್ ಚಿಟ್ಟೆ

ತಂಗೀ,

ನೀನು ಹೆದರಬೇಡ, ಆ ಕೆಲಸವನ್ನು ನಾನೇ ಮಾಡುತ್ತಿದ್ದೇನೆ. ಫೋನಿನಲ್ಲಿ ದನಿ ನಡುಗೀತೆಂದು ಕಾರ್ಡು ಬರೆಯುತ್ತಿದ್ದೇನೆ. ಏರೋಪ್ಲೇನ್ ಚಿಟ್ಟೆ ಗುರುತಿಸುವ ಶಿಬಿರಕ್ಕೆಂದು ಈ ಗೊತ್ತಿಲ್ಲದ ಊರಿಗೆ ಬಂದೆನಲ್ಲ, ಇಲ್ಲಿ ದಿನವೂ ಕೆರೆ ದಡದಲ್ಲಿ ಕಾಯುವುದೇ ಪಾಠ. ಚಿಟ್ಟೆ ರೆಕ್ಕೆ ಹರಡಿ ಕೂತರೆ ಡ್ರ್ಯಾಗನ್ ಜಾತಿ, ಬೆನ್ನ ಮೇಲೆ ಮಡಿಸಿ ಕೂತರೆ ಡ್ಯಾಮ್ಸೆಲ್ ಜಾತಿ. ಡ್ಯಾಮ್ಸೆಲ್ ಎಂದರೆ ಕನ್ಯೆ, ಕಾಲೇಜಿನ ಯಾವುದೋ ಪೊಯೆಟ್ರಿಯಲ್ಲಿತ್ತು, ಇರಲಿ. ಇವತ್ತು ಬೆಳಿಗ್ಗೆಯಿಂದ ಎಡಗಡೆ ಒಂದು ಕರಿಯದು ಹಾರುತ್ತಲೇ ಇತ್ತು, ಎಲ್ಲಿಯೂ ಕೂರಲಿಲ್ಲ.

"ಮೇಡಂ, ರೇರ್ ಸ್ಪೀಶೀಸ್!" ಎಂದು ಕೂಗಿದೆ. ಎಲ್ಲರೂ ದುರ್ಬೀನು ಎತ್ತಿದರು, ಯಾರಿಗೂ ಕಾಣಲಿಲ್ಲ. ಕಲಿಸುವ ಮೇಡಂ ನನ್ನ ಮುಖವನ್ನೇ ನೋಡಿದರು.

"ಎರಡೂ ಕಣ್ಣು ಮುಚ್ಕೊಳ್ಳಿ ಸಾರ್. ಈಗ?"

"ಈಗ್ಲೂ ಹಾರ್ತಿದೆ ಮೇಡಂ."

"ಹಾಗಾದ್ರೆ ಅದು ಕೆರೆ ಮೇಲಿಲ್ಲ. ಏಳಿ, ಕಣ್ಣಾಸ್ಪತ್ರೆಗೆ ಹೋಗೋಣ."

ದುರ್ಬೀನು ಕೊರಳಲ್ಲಿ ಹಾಕಿಕೊಂಡೇ ಮೇಡಂ ಜೊತೆ ಆಸ್ಪತ್ರೆಗೆ ಹೋದೆ. ಎಡಗಣ್ಣಿನ ರೆಟಿನಾ ಹರಿದಿದೆಯಂತೆ, ನಾಳೆ ಬೆಳಿಗ್ಗೆ ಆಪರೇಷನ್. ಡಾಕ್ಟರು "ಫಿಫ್ಟಿ ಫಿಫ್ಟಿ" ಎಂದರು, ಅಷ್ಟು ಇಂಗ್ಲಿಷು ನನಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಬಲಗಣ್ಣು ನಿನಗೆ ಗೊತ್ತೇ ಇದೆ, ಹೆಸರಿಗೆ ಮಾತ್ರ. ನಿನ್ನ ಅತ್ತಿಗೆ ಬದುಕಿದ್ದಿದ್ದರೆ ಗೊಣಗುತ್ತಲೇ ಕೈ ಹಿಡಿದು ಕೂತಿರುತ್ತಿದ್ದಳು. ಊಟ ಸೇರಿತು, ಶುಗರ್ ಪರವಾಗಿಲ್ಲ.

ಉತ್ತರವನ್ನು ದಪ್ಪಕ್ಷರದಲ್ಲಿ ಬರೆ. ಅದೂ ಕಾಣದಿದ್ದರೆ ಮೇಡಂ ಓದಿ ಹೇಳುತ್ತಾರಂತೆ, ಆದ್ದರಿಂದ ಬೈದು ಬರೆಯಬೇಡ. ಬೇಡ, ಬೈದೇ ಬರೆ. ಬೇರೆಯವರ ದನಿಯಲ್ಲಿ ಕೇಳಿದರೂ ನಿನ್ನದೆಂದು ಗೊತ್ತಾಗಬೇಕು.

ಜಾಗ ಮುಗಿಯಿತು.
ನಿನ್ನ ಅಣ್ಣ